ಯಾರ ಬಾಚಣಿಗೆ

ಜೈಲಿನ ಕೈದಿಗಳ ಮನಸ್ಸು ಪರೀಕ್ಷಿಸುವುದು ನನ್ನ ಕೆಲಸ, ದೆವ್ವಗಿವ್ವ ನಂಬುವವನಲ್ಲ. ಅಂದು ಮಧ್ಯಾಹ್ನ ಹೊಸ ಬಾಚಣಿಗೆಯೊಂದನ್ನು ಮೇಜಿನ ಮೇಲಿಟ್ಟು, ಇದರಿಂದ ಏನೇನು ಮಾಡಬಹುದೆಂದು ಒಬ್ಬೊಬ್ಬರನ್ನೇ ಕರೆದು ಕೇಳಿ, ಅವರ ಕಲ್ಪನೆಗೆ ಅಂಕ ಹಾಕುತ್ತಿದ್ದೆ. ಜೇಬುಗಳ್ಳನೊಬ್ಬ ಬೆನ್ನು ತುರಿಸಿಕೊಂಡು ತೋರಿಸಿ ನಗಿಸಿದ.

ಕೊನೆಗೆ ಬಂದವನು ಮೂರು ಕೊಲೆ ಮಾಡಿದವನು. ಮಾತು ಮಾತ್ರ ಬೆಣ್ಣೆ.

“ಇದು ಯಾರದು ಸಾರ್?”

“ಯಾರದೂ ಅಲ್ಲ, ಹೊಸದು.”

“ಹಾಗಾದ್ರೆ ಏನೂ ಹೊಳೆಯಲ್ಲ ಸಾರ್. ನಿಮ್ಮ ಮಗಳದು ಅಂದ್ಕೊಳ್ಳಲಾ?”

ನನಗೆ ಮಗಳಿರುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇಡವೆನ್ನುವಷ್ಟರಲ್ಲೇ ಅವನು ಅದರಿಂದ ಅವಳಿಗೆ ಏನೇನು ಮಾಡಬಹುದೆಂದು ಹೇಳಲು ಶುರು ಮಾಡಿದ. ಹೊಸತೊಂದು ಹೊಳೆದಾಗಲೆಲ್ಲ ಬಾಯಲ್ಲಿ ನೀರೂರಿದವನಂತೆ ತುಟಿ ನೆಕ್ಕಿಕೊಂಡ. ಇಂಥ ಕಲ್ಪನೆಗೂ ನಾನು ಅಂಕ ಕೊಡಬೇಕಿತ್ತು!

ಕೈಗಳನ್ನು ಬೆನ್ನ ಹಿಂದೆ ಸೇರಿಸಿ ಕೋಳ ಹಾಕಿದ್ದರಿಂದ ಅವನು ಬಾಚಣಿಗೆ ಮುಟ್ಟಲೇ ಇಲ್ಲ. ಆದರೂ ಅವನು ಹೋದ ಮೇಲೆ ಎತ್ತಿಕೊಂಡರೆ ಅದು ಬೆಚ್ಚಗೆ, ಜಿಡ್ಡುಜಿಡ್ಡಾಗಿತ್ತು. ಹಲ್ಲುಗಳ ನಡುವೆ ಉದ್ದನೆಯ ಕೂದಲು ಸಿಕ್ಕಿಕೊಂಡಿತ್ತು. ಥೂ ಎಂದು ಕಸದಬುಟ್ಟಿಗೆ ಎಸೆದು, ಚರ್ಮ ಕೆಂಪಾಗುವವರೆಗೆ ಕೈ ತೊಳೆದುಕೊಂಡೆ.

ಸಂಜೆ ಬೀಗ ತೆಗೆದು ಮನೆಯೊಳಗೆ ಹೋದಾಗ ಮಗಳೊಬ್ಬಳೇ ಇದ್ದಳು. ಆಗಷ್ಟೇ ಎದ್ದು ಮಂಚದ ಮೇಲೆ ಕೂತಿದ್ದಳು. ಅವಳ ತಲೆಯನ್ನು ಯಾರೋ ನೀಟಾಗಿ ಬೈತಲೆ ತೆಗೆದು ಬಾಚಿದ್ದರು.

“ಮಲಗಿದ್ದಾಗ ತಲೆ ಬಾಚಿದ್ದು ನೀನೇನಾ ಅಪ್ಪಾ? ಥೂ, ನಿನ್ನ ಕೈಯೆಲ್ಲ ಎಷ್ಟು ಜಿಡ್ಡಾಗಿತ್ತು!”