ಹತ್ತಿ ದಾರದಲ್ಲಿ ಹೊಲಿದ ಉಯಿಲು

1794ರ ಆಗಸ್ಟ್ 12, ಮಂಗಳವಾರ. ಬಯಿಯಾ ಪಟ್ಟಣದ ನ್ಯಾಯಾಧೀಶರ ಕಚೇರಿಯ ಬಾಗಿಲು ಆಗಷ್ಟೇ ತೆರೆದಿತ್ತು. ಮೀನು ಮಾರುವ ಜೆನೊವೇವಾ ಒಳಗೆ ಬಂದು, ಮಡಿಸಿ ಹೊಲಿದಿದ್ದ ಕಾಗದವೊಂದನ್ನು ಅಮೀನ ಫೌಸ್ತಿನೊನ ಮೇಜಿನ ಮೇಲಿಟ್ಟಳು.

"ನಮ್ಮ ಕುಸ್ತೋದಿಯಾ ಭಾನುವಾರ ತೀರಿಕೊಂಡ್ಳು. ಇದು ಅವಳ ಉಯಿಲು. ಜಾರಿ ಮಾಡೋ ಹೊಣೆ ನಂದು. ಯಾರೋ ಇದನ್ನ ಬಿಚ್ಚಿ ತಿರುಗಿ ಹೊಲಿದಿದ್ದಾರೆ, ಅಮೀನ್ರೆ."

"ಯಾರ ಮೇಲೆ ಗುಮಾನಿ?"

"ಇನ್ಯಾರು? ಹೆಂಡದಂಗಡಿ ಪೊಲಿಕಾರ್ಪೊ. ಕಾಯಿಲೆ ಅಂತ ಕೇಳಿದ್ದೇ ತಡ, ಹದ್ದಿನ ಹಾಗೆ ಮನೆ ಸುತ್ತ ಸುತ್ತುತಿದ್ದ."

ಫೌಸ್ತಿನೊ ಪ್ರಥಮ ವರ್ತಮಾನ ಬರೆದುಕೊಂಡನು. ಮೃತಳು ಕಡಲಾಚೆಯ ಮೀನಾ ಕರಾವಳಿಯಿಂದ ಗುಲಾಮಳಾಗಿ ಹಡಗಿನಲ್ಲಿ ಬಂದವಳು. ಬೀದಿಯಲ್ಲಿ ವಡೆ ಕರಿದು ಮಾರಿ ತನ್ನ ಬಿಡುಗಡೆಯನ್ನು ತಾನೇ ಕೊಂಡವಳು. ಮಕ್ಕಳಿಲ್ಲ. ಬಿಟ್ಟುಹೋದದ್ದು ಒಂದು ಮನೆ, ಚಿನ್ನದ ಸರಗಳು ಮತ್ತು ಎಸ್ಮೇರಿಯಾ ಎಂಬ ಗುಲಾಮಳು. ಉಯಿಲು ಊರ್ಜಿತವಾಗದಿದ್ದರೆ ಆಸ್ತಿಯೆಲ್ಲ ಅವಳ ಹಳೆಯ ಒಡೆಯನ ಸೋದರಳಿಯ ಪೊಲಿಕಾರ್ಪೊನಿಗೆ.

"ಎಸ್ಮೇರಿಯಾನೂ ಅವನ ಪಾಲಿಗೇ," ಎಂದಳು ಜೆನೊವೇವಾ, "ಮಂಚ, ಬಾಣಲೆ ಹೋದ ಹಾಗೆ. ಅವಳು ತುಂಬಿದ ಬಸುರಿ, ಸ್ವಾಮಿ."

ಕಾನೂನು ಇಬ್ಬರಿಗೂ ತಿಳಿದಿತ್ತು. ಮುಚ್ಚಿದ ಉಯಿಲನ್ನು ನೋಟರಿ ದಾರದಿಂದ ಹೊಲಿದು ಅರಗಿನ ಮುದ್ರೆ ಹಾಕುತ್ತಾನೆ. ಅದನ್ನು ನ್ಯಾಯಾಧೀಶರಲ್ಲದೆ ಬೇರೊಬ್ಬರು ಬಿಚ್ಚಿದರೆ ಉಯಿಲು ಅಸಿಂಧು. ಅದು ಬಿದ್ದುಹೋದರೆ ಯಾರಿಗೆ ಲಾಭವೋ ಅವರೇ ಬಿಚ್ಚಿದ್ದರೆ ಮಾತ್ರ ಅದು ಉಳಿಯುತ್ತದೆ. ಜೆನೊವೇವಾ ಪೊಲಿಕಾರ್ಪೊನ ಹೆಸರನ್ನು ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ಫೌಸ್ತಿನೊಗೂ ಆ ಹೆಸರೇ ಬೇಕಾಗಿತ್ತು. ಅವನ ತಾಯಿ ಬಿಡುಗಡೆಯಾದದ್ದೂ ಒಡತಿಯೊಬ್ಬಳ ಉಯಿಲಿನಿಂದಲೇ, ಅವನು ಹುಟ್ಟುವ ತುಸು ಮೊದಲು. ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ ಎನ್ನುವ ಊರಿದು. ಆ ಉಯಿಲು ತಡವಾಗಿದ್ದರೆ ಅವನು ಈ ಮೇಜಿನ ಹಿಂದೆ ಕೂರುತ್ತಿರಲಿಲ್ಲ. ಗುಲಾಮನಾಗಿ ಇದೇ ಮೇಜನ್ನು ಹೊತ್ತು ತಂದಿರುತ್ತಿದ್ದನು.

ನೋಟರಿ ಮತ್ತು ನೆರೆಯ ಮೇಣದ ವ್ಯಾಪಾರಿಯನ್ನು ಪಂಚರನ್ನಾಗಿ ಕರೆಸಿ ಮಹಜರು ನಡೆಸಲಾಯಿತು. ಫೌಸ್ತಿನೊ ಮುದ್ರೆಯ ಮೇಲೆ ಉಗುರು ಒತ್ತಿದನು. ಅರಗಾಗಿದ್ದರೆ ಚಕ್ಕೆ ಏಳಬೇಕಿತ್ತು. ಇದರಲ್ಲಿ ಗುಳಿ ಬಿತ್ತು, ಉಗುರಿಗೆ ಕೆಂಪು ಜಿಡ್ಡು ಅಂಟಿತು.

"ಇದು ಜೇನುಮೇಣ," ಎಂದನು ವ್ಯಾಪಾರಿ. "ಬಣ್ಣ ಉರುಕು ಬೀಜದ್ದು. ಕೆಂಪು ಬರ್ಲಿ ಅಂತ ಸಾರಿಗೆ ಹಾಕ್ತಾರಲ್ಲ, ಅದೇ."

"ದಾರವೂ ನನ್ನದಲ್ಲ," ಎಂದನು ನೋಟರಿ. "ನಾನು ಹೊಲಿಯೋದು ನಾರಿನ ದಾರದಲ್ಲಿ. ಇದು ಹತ್ತಿ. ಹೊಲಿಗೆ ಮಾತ್ರ ನನಗಿಂತ ಚೆನ್ನಾಗಿದೆ. ಬರ್ಕೊಳ್ಳಿ."

ಫೌಸ್ತಿನೊ ಬರೆದುಕೊಂಡನು. ಹೆಂಡದಂಗಡಿಯವನು ಇಷ್ಟು ಒಪ್ಪವಾಗಿ ಹೊಲಿಯಬಲ್ಲನೇ ಎಂಬ ಪ್ರಶ್ನೆಯನ್ನು ಮಾತ್ರ ಬರೆಯಲಿಲ್ಲ.

ಪೊಲಿಕಾರ್ಪೊ ಅಂಗಡಿಯಲ್ಲೇ ಸಿಕ್ಕಿದನು.

"ಕುಸ್ತೋದಿಯಾ ಮನೆಗೆ ಹೋಗಿದ್ದೆಯಾ?"

"ಎರಡು ಸಲ. ಜೆನೊವೇವಾ ಬಾಗಿಲಲ್ಲೇ ಕೂರಿಸಿದಳು, ನೀರೂ ಕೊಡ್ಲಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

"ಉಯಿಲಿಟ್ಟಿದ್ದ ಪೆಟ್ಟಿಗೆಯ ಬೀಗದ ಕೈ ಎಲ್ಲಿತ್ತು?"

"ನನಗೇನು ಗೊತ್ತು? ಯಾರು ಬಿಚ್ಚಿದ್ರೋ ಅವರ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಅಮೀನ್ರೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ."

ಹೊರಗೆ ಬಂದ ಮೇಲೆ ಪೇದೆ ಲೌರೆನ್ಸೊ ಮೆಲ್ಲಗೆ ಅಂದನು: "ಇವನ ಹೆಸರೇ ಬರೆದುಬಿಡಿ ಸ್ವಾಮಿ. ಊರೇ ನಂಬುತ್ತೆ."

"ನ್ಯಾಯಾಧೀಶರು ಜೆನೊವೇವಾಳನ್ನ ಪ್ರಮಾಣ ಮಾಡಿಸಿ ಕೇಳ್ತಾರೆ. ಅವನನ್ನ ಬಾಗಿಲು ದಾಟಿಸಲಿಲ್ಲ ಅಂತ ಅವಳೇ ಹೇಳ್ಬೇಕಾಗುತ್ತೆ."

ಪಂಚರೊಂದಿಗೆ ಮೃತಳ ಮನೆಗೆ ಹೋದಾಗ ಎಸ್ಮೇರಿಯಾ ಒಲೆಯ ಮುಂದೆ ಮರಗೆಣಸಿನ ಹಿಟ್ಟು ಹುರಿಯುತ್ತಿದ್ದಳು. ಅಮೀನನನ್ನು ಕಂಡು ಗೋಡೆ ಹಿಡಿದು ಎದ್ದಳು. ಜೆನೊವೇವಾ ಅವಳ ಪಕ್ಕಕ್ಕೆ ಹೋಗಿ ನಿಂತಳು.

"ಕೂತ್ಕೋ," ಎಂದನು ಫೌಸ್ತಿನೊ. "ಬೀಗದ ಕೈ ಎಲ್ಲಿರ್ತಿತ್ತು?"

"ಅಮ್ಮಾವ್ರ ದಿಂಬಿನ ಕೆಳಗೆ."

"ದಿಂಬಿನ ಹತ್ತಿರ ಯಾರು ಹೋಗ್ತಿದ್ರು?"

"ತಲೆ ಎತ್ತಿ ಗಂಜಿ ಕುಡಿಸ್ತಿದ್ದೋಳು ನಾನೇ."

ಗೂಡಿನಲ್ಲಿ ಹತ್ತಿ ದಾರದ ಉಂಡೆ ಇತ್ತು. ರೋಸರಿ ಮಾತೆಯ ಸಂಘದ ಹೆಂಗಸರನ್ನು ಮಣ್ಣು ಮಾಡುವುದು ಬಿಳಿಯ ನಿಲುವಂಗಿಯಲ್ಲಿ. ಕುಸ್ತೋದಿಯಾಳ ನಿಲುವಂಗಿಯನ್ನು ಎಸ್ಮೇರಿಯಾ ಆ ದಾರದಲ್ಲೇ ಹೊಲಿದಿದ್ದಳು. ನೋಟರಿ ಉಂಡೆಯನ್ನೂ ಉಯಿಲನ್ನೂ ಬೆಳಕಿಗೆ ಹಿಡಿದು ಹೋಲಿಸಿ ನೋಡಿದನು.

ಫೌಸ್ತಿನೊ ಮುಂದಿನ ಪ್ರಶ್ನೆಯನ್ನು ತೂಗಿ ಕೇಳಿದನು. "ಇಂಥ ದಾರ ಸಂಘದವರ ಮನೇಲೆಲ್ಲ ಇರುತ್ತೆ. ಅಲ್ವಾ?"

ಹೌದು ಎಂದಷ್ಟೇ ಹೇಳಿದ್ದರೆ ಗುಮಾನಿ ಅವಳೊಬ್ಬಳ ಮೇಲೆ ನಿಲ್ಲುತ್ತಿರಲಿಲ್ಲ. ಜೆನೊವೇವಾ ಅವಳ ತೋಳು ಚಿವುಟಿದಳು.

"ಇರುತ್ತೆ ಸ್ವಾಮಿ. ಆದ್ರೆ ಅದನ್ನ ಬಿಚ್ಚಿದ್ದು ನಾನೇ."

"ಬಾಯ್ಮುಚ್ಚೇ, ಹುಚ್ಚಿ!"

"ಯಾಕೆ ದೊಡ್ಡಮ್ಮ? ಕದ್ದಿಲ್ಲವಲ್ಲ. ಇದ್ದ ಹಾಗೇ ಹೊಲಿದಿಟ್ಟಿದ್ದೀನಿ." ಅವಳು ಫೌಸ್ತಿನೊನ ಕಡೆ ತಿರುಗಿದಳು. "ಜ್ವರಕ್ಕೆ ಅಮ್ಮಾವ್ರ ಮಾತು ನಿಂತುಹೋಯ್ತು. ಕೇಳಿದ್ರೆ ಬರೀ ಕೈ ಹಿಡಿಯೋರು. ನನ್ನ ಹೆಸರು ಇದ್ರೆ ಇಲ್ಲೇ ಹೆರೋದು. ಇಲ್ದಿದ್ರೆ ಹೊಟ್ಟೇಲಿ ಇದು ಇರುವಾಗ್ಲೇ ಕಾಡಿಗೆ ಓಡಿಹೋಗೋದು, ಅಲ್ಲಿ ಓಡಿಬಂದೋರ ಹಟ್ಟಿ ಇದೆಯಂತೆ. ಅದಕ್ಕೇ ಬಿಚ್ಚಿದೆ."

"ಇತ್ತಾ?"

"ನನಗೇನು ಗೊತ್ತಾಗುತ್ತೆ? ಇರುವೆ ಸಾಲು ಹರಿದಂಗಿತ್ತು. ಓದಿ ಹೇಳಿ ಅಂತ ತೋರಿಸೋಕೆ ಯಾರನ್ನ ನಂಬ್ಲಿ? ತಿರುಗಿ ಹೊಲಿದೆ. ಅರಗು ಪುಡಿಯಾಗಿತ್ತು, ಅದಕ್ಕೆ ಮೇಣ ಹಾಕಿದೆ. ಈಗ ನೀವೇ ಬಂದಿದ್ದೀರಲ್ಲ, ಓದಿ ಹೇಳಿ."

ಮುದ್ರೆ ಕಳ್ಳರಿಗೆಂದು ಹಾಕಿದ್ದು ಎಂದೇ ಅವಳು ತಿಳಿದಿದ್ದಳು. ಅದನ್ನು ಒಡೆದರೆ ಒಳಗಿನ ಮಾತೂ ಸಾಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬರೆದವರಿಗೆ ಆ ವಿಷಯ ಗೊತ್ತಿತ್ತು, ಬರೆಸಿದವಳಿಗೂ ಗೊತ್ತಿತ್ತು. ಜೆನೊವೇವಾ ಹೊದ್ದ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನೋಟರಿ ಆಗಲೇ ಹೇಳಿಕೆ ಬರೆಯತೊಡಗಿದ್ದನು. ಪಂಚರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ.

ಮಧ್ಯಾಹ್ನ ಎಸ್ಮೇರಿಯಾಳನ್ನು ದಸ್ತಗಿರಿ ಮಾಡಿ ಕಚೇರಿಯ ಜಗುಲಿಯ ಮೇಲೆ ಕೂರಿಸಲಾಯಿತು. ಒಳಗೆ ನ್ಯಾಯಾಧೀಶರು ದಾರ ಕತ್ತರಿಸಿ, ಫೌಸ್ತಿನೊನ ಎದುರಿನಲ್ಲೇ ಉಯಿಲನ್ನು ಕಡತಕ್ಕಾಗಿ ಓದಿದರು. ಓದಿ ಮುಗಿಸಿ ಅಡ್ಡಗೆರೆ ಎಳೆದು 'ಅಸಿಂಧು' ಎಂದು ಬರೆದರು. ಹಗ್ಗ ಬೇಡವೆಂದು ಫೌಸ್ತಿನೊ ಲೌರೆನ್ಸೊಗೆ ಕೈಸನ್ನೆ ಮಾಡಿದನು. ಸೆರೆಮನೆಗೆ ಇಳಿಯುವ ಬೀದಿಯಲ್ಲಿ ಎಸ್ಮೇರಿಯಾ ನಿಂತಳು.

"ಓದಿದ್ರಾ ಸ್ವಾಮಿ? ಇತ್ತಾ?"

ಇಲ್ಲ ಎಂದರೆ ಅವಳ ಕೈಯಿಂದ ಏನೂ ಹಾಳಾಗಲಿಲ್ಲವೆಂದು ಆಗುತ್ತಿತ್ತು. ಫೌಸ್ತಿನೊ ಆ ಸುಳ್ಳನ್ನು ಬೀದಿಯ ತಿರುವಿನವರೆಗೂ ಬಾಯಲ್ಲಿಟ್ಟುಕೊಂಡು ನಡೆದನು.

"ಇತ್ತು."

"ನನ್ನ ಹೆಸರೇ?"

"ಅವಳ ಆತ್ಮಶಾಂತಿಯ ಪೂಜೆಯ ಮಾತು ಮುಗಿದ ಕೂಡಲೇ ನಿನ್ನದೇ. 'ನನ್ನ ಎಸ್ಮೇರಿಯಾ, ಮತ್ತು ಅವಳ ಹೊಟ್ಟೆಯಲ್ಲಿರುವ ಜೀವ, ಹುಟ್ಟುವ ಮೊದಲೇ ಸ್ವತಂತ್ರ' ಅಂತ."

"ಅಮ್ಮಾವ್ರು ಮರೆತಿರ್ಲಿಲ್ಲ," ಎಂದಳು ಅವಳು. ಅವಳ ಮುಖ ಅರಳಿತು. ಅಷ್ಟರಲ್ಲಿ ಅಮೀನನ ಕಣ್ಣು ನೋಡಿದಳು. "ಮತ್ತೆ ಈ ಬೀದೀಲಿ ಯಾಕೆ ಕರ್ಕೊಂಡು ಹೋಗ್ತಿದ್ದೀರಾ?"

ಅವನು ಹೇಳಿದನು. ಹೇಳಿ ಮುಗಿಸುವ ಮೊದಲೇ ಅವಳು ಕಲ್ಲುಹಾಸಿನ ಮೇಲೆ ಕುಸಿದಿದ್ದಳು.

ಸೆಪ್ಟೆಂಬರಿನ ಮೊದಲ ವಾರ ಸೆರೆಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಪೊಲಿಕಾರ್ಪೊನ ಸ್ವತ್ತೆಂದು ದಾಖಲಾಯಿತು. ಅಂದೇ ಫೌಸ್ತಿನೊ ಅಂತಿಮ ವರದಿಗೆ ಸಹಿ ಹಾಕಿದನು. ಅಪರಾಧದ ಉದ್ದೇಶ ಎಂಬಲ್ಲಿ ಲಾಭ, ದ್ವೇಷ, ಕಳವು ಇವುಗಳಲ್ಲೊಂದನ್ನು ಬರೆಯುವುದು ಆ ಕಚೇರಿಯ ರೂಢಿ. ಅವನು ಬರೆದದ್ದು: ಆರೋಪಿಗೆ ಓದಲು ಬರುವುದಿಲ್ಲ.