ಚಿನಕುರುಳಿಯ ಬಾಯಿಗೆ ಬೀಗ

"ಟೀಚರ್, ನನಗೆ ಬೇರೆ ಜಾಗ ಬೇಕು."

ಹೊಸ ಹುಡುಗಿ ಎದ್ದು ನಿಂತು, ಒಂದೊಂದೇ ಪದ ಜೋಡಿಸಿಕೊಂಡು ಹೇಳಿದಳು. ಪಕ್ಕದಲ್ಲೇ ಕೂತಿದ್ದ ಚಿನಕುರುಳಿಯ ಎದೆ ಧಸಕ್ಕೆಂದಿತು.

"ಯಾಕಮ್ಮಾ, ಇಲ್ಲೇನು ತೊಂದರೆ?" ಅಂದರು ಟೀಚರ್.

ಹೊಸ ಹುಡುಗಿ ತಲೆ ತಗ್ಗಿಸಿದಳು. "ಸರಿ, ನಾಳೆ ನೋಡೋಣ" ಅಂದು ಟೀಚರ್ ಪಾಠ ಮುಂದುವರಿಸಿದರು.

ಚಿನಕುರುಳಿ ಅನ್ನೋದು ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರು. ಯಾರೂ ಸಿಗದಿದ್ದರೆ ಗೋಡೆಯ ಜೊತೆಗಾದರೂ ಹರಟುವವಳು ಅವಳು. ಅಂಥವಳು ಎಂಟು ದಿನದಿಂದ ಈ ಹುಡುಗಿಯ ಮುಂದೆ ತುಟಿ ಪಿಟಕ್ಕೆಂದಿರಲಿಲ್ಲ. ಕೋಪವೇ? ಛೆ, ಛೆ! ಅವಳ ಗೆಳೆತನ ಬೇಕು ಅಂತಲೇ!

ಹೊಸ ಹುಡುಗಿ ಜಪಾನಿನಿಂದ ಬಂದವಳು, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅವಳ ಭಾಷೆಯಲ್ಲೇ ಮಾತಾಡಿ ಸರ್‌ಪ್ರೈಸ್ ಕೊಡಬೇಕು ಅಂತ ಚಿನಕುರುಳಿ ಅಮ್ಮನ ಫೋನಿನಲ್ಲಿ ಹುಡುಕಿದಳು. ಸಿಕ್ಕಿದ್ದು ಒಬ್ಬ ಕೂಲಿಂಗ್ ಗ್ಲಾಸ್ ಅಂಕಲ್.

"ಜಪಾನೀಸ್ ಕಲೀಬೇಕಾ? ಮೂರು ತಿಂಗಳು ಬಾಯಿಗೆ ಬೀಗ! ಬರೀ ಕೇಳಿಸ್ಕೊಳ್ಳಿ. ಈಗಲೇ ಮಾತಾಡಿದ್ರೋ, ತಪ್ಪು ನಾಲಿಗೆಗೆ ಅಂಟ್ಕೊಂಡ್ಬಿಡುತ್ತೆ. ಜಪಾನಿನವರ ಎದುರು ಬೇರೆ ಭಾಷೆ ಆಡಿದ್ರಂತೂ ಕಲಿತಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!"

ಹತ್ತು ಲಕ್ಷ ಜನ ನೋಡಿದ ವಿಡಿಯೋ. ಸುಳ್ಳಿರುತ್ತಾ? ಅವತ್ತಿನಿಂದ ಹೊಸ ಹುಡುಗಿ "ಹಲೋ" ಅಂದರೂ ಚಿನಕುರುಳಿ ತುಟಿ ಕಚ್ಚಿಕೊಂಡು ಅವಳ ಬಾಯನ್ನೇ ಮಿಕಮಿಕ ನೋಡುತ್ತಿದ್ದಳು.

ಈಗ ನೋಡಿದರೆ ಹೀಗಾಯಿತು. ಸಂಜೆ ಅವಳು ಅಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ, ಟೈರುಗಳ ರಾಶಿಯ ಹಿಂದೆ ಮುಖ ಊದಿಸಿಕೊಂಡು ಕೂತಳು. ಅಷ್ಟರಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಬಂದರು. ಇಣುಕಿ ನೋಡಿದರೆ ಅದೇ ಹುಡುಗಿ!

ಅಪ್ಪನಿಗೆ ಜಪಾನೀಸಿನ ಗಂಧಗಾಳಿ ಗೊತ್ತಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ಬಾಮ್ಮಾ, ಚೈನ್ ಕಳಚ್ಕೊಂಡಿತಾ? ಒಂದು ನಿಮಿಷದ ಕೆಲಸ. ಅಂದಹಾಗೆ, ನಿಮ್ಮ ಭಾಷೇಲಿ ಸೈಕಲ್‌ಗೆ ಏನಂತಾರೆ?"

"ಜಿತೆನ್‌ಶಾ."

"ಜೆಂಟಿಶಾ!"

ಹುಡುಗಿ ಕಿಸಕ್ಕನೆ ನಕ್ಕಳು. "ಇಲ್ಲ, ಇಲ್ಲ. ಜಿ... ತೆನ್... ಶಾ."

"ಗೊತ್ತಾಯ್ತು ಬಿಡು. ತಂಜಿಶಾ!" ಅಪ್ಪ ಎಣ್ಣೆ ಮೆತ್ತಿದ ಕೈ ಎತ್ತಿ ಘೋಷಿಸಿದರು.

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿನಕುರುಳಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಎಂಟು ದಿನದಲ್ಲಿ ಒಮ್ಮೆಯೂ ತನ್ನೆದುರು ನಗದವಳು ಅಪ್ಪನ ಎರಡೇ ತಪ್ಪಿಗೆ ಇಷ್ಟು ನಗುವುದೇ?

"ಅಪ್ಪಾ, ಹಾಗಲ್ಲ! ಜಿನ್‌ತೆಶಾ!" ಎನ್ನುತ್ತ ಅವಳು ಟೈರು ಉರುಳಿಸಿಕೊಂಡೇ ಹೊರಗೆ ಬಂದಳು.

ಹೊಸ ಹುಡುಗಿಯ ನಗು ನಿಂತಿತು. ಅವಳು ಕಣ್ಣರಳಿಸಿದಳು. "ನಿನಗೆ... ಮಾತು ಬರುತ್ತೆ?"

"ಇವಳಿಗಾ!" ಅಂದರು ಅಪ್ಪ.

"ಮತ್ತೆ ಯಾಕೆ ಮಾತಿಲ್ಲ? ನನ್ನ ಮೇಲೆ ಕೋಪ?"

"ಕೋಪಾನಾ? ಅಯ್ಯೋ, ಇಲ್ಲ ಕಣೇ!" ಎಂಟು ದಿನ ಕಟ್ಟಿಟ್ಟ ಮಾತೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಅರ್ಧ ಅರ್ಥವಾಯಿತೋ ಇಲ್ಲವೋ, ಹೊಸ ಹುಡುಗಿ ತಲೆಯಾಡಿಸುತ್ತಲೇ ಇದ್ದಳು. ಕೊನೆಗೆ ಚಿನಕುರುಳಿ ಒಳಗಿಂದ ಅಪ್ಪನ ಫೋನ್ ತಂದು ಅಂಕಲ್‌ನನ್ನೇ ತೋರಿಸಿದಳು. ವಿಡಿಯೋದ ಕೊನೆಯಲ್ಲಿ ಅಂಕಲ್ ಜಪಾನೀಸಿನಲ್ಲಿ ಉದ್ದಕ್ಕೆ ಏನೋ ಹೇಳುತ್ತಿದ್ದರು.

ಹೊಸ ಹುಡುಗಿ ಹುಬ್ಬು ಗಂಟಿಕ್ಕಿ ಎರಡು ಸಲ ಕೇಳಿದಳು.

"ಇದು... ಯಾವ ಭಾಷೆ?"

ಮೂವರೂ ಬಿದ್ದು ಬಿದ್ದು ನಕ್ಕರು. ಅಪ್ಪನ ಕೈಯಲ್ಲಿದ್ದ ಚೈನ್ ಮತ್ತೆ ಜಾರಿಹೋಯಿತು.

ಅದನ್ನು ಕೂರಿಸುವ ಹೊತ್ತಿಗೆ ಚಿನಕುರುಳಿ ಜಿತೆನ್‌ಶಾ ಎಂದು ಸರಿಯಾಗಿ ಹೇಳಲು ಕಲಿತಿದ್ದಳು. ಎಂಟು ದಿನ ನೋಡಿದ ವಿಡಿಯೋದ ಒಂದು ಪದವೂ ನೆನಪಿಗೆ ಬರಲಿಲ್ಲ. ಇದನ್ನು ಮಾತ್ರ ಮರೆಯೋಣವೆಂದರೂ ಮರೆಯುವ ಹಾಗಿರಲಿಲ್ಲ.

ಹುಡುಗಿ ಸೈಕಲ್ ಹತ್ತಿದಳು. "ಬೇರೆ ಜಾಗ ಬೇಡ. ನಾಳೆ ಟೀಚರ್‌ಗೆ ಹೇಳ್ತೀನಿ. ಮತಾ ಅಶಿತಾ! ಅಂದ್ರೆ, ನಾಳೆ ಸಿಗೋಣ."

"ಮಶಿತಾ ಅತಾ!" ಚಿನಕುರುಳಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ತಿರುವಿನಾಚೆಯಿಂದ ಜೋರಾಗಿ ನಗು ಕೇಳಿಸಿತು. ತಪ್ಪಾಯಿತೇನೋ. ಆಗಲಿ, ನಾಳೆ ಪಕ್ಕದಲ್ಲೇ ಕೂತಿರುತ್ತಾಳಲ್ಲ, ಅವಳನ್ನೇ ಕೇಳಿದರಾಯಿತು ಅಂದುಕೊಂಡಳು.