ಹಾಳಾದ ನಲ್ಲಿಗಳ ಪಾಠ

ಮೇಷ್ಟ್ರಿಗೆ ಕಳ್ಳತನದ ಯೋಚನೆ ಮೊದಲು ಬಂದದ್ದು ಹೊಸ ಮ್ಯಾನೇಜರನ್ನು ಸ್ವಾಗತಿಸುವ ಸಮಾರಂಭದಲ್ಲಿ, ಅದೂ ಕೈಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದಾಗ.

ಅವರು ಶಾಲೆಯ ಮೇಷ್ಟ್ರಲ್ಲ. ನಲ್ಲಿ, ಶವರ್, ಸಿಂಕು ಮಾರುವ ದೊಡ್ಡ ಅಂಗಡಿಯೊಂದರ ಉಗ್ರಾಣ ನೋಡಿಕೊಳ್ಳುವವರು. ಹೊಸದಾಗಿ ಸೇರಿದವರಿಗೆಲ್ಲ ಕೆಲಸ ಕಲಿಸಿ ಕಲಿಸಿ ಆ ಹೆಸರು ಅಂಟಿಕೊಂಡಿತ್ತು. ಅವರ ಹತ್ತಿರ ಕಲಿತವರು ಬೇರೆ ಊರಿನ ಶಾಖೆಗಳಲ್ಲಿ ಮ್ಯಾನೇಜರುಗಳಾಗಿ ಮೆರೆಯುತ್ತಿದ್ದರು. ಈ ಸಲ ಇಲ್ಲಿನ ಕುರ್ಚಿ ತನಗೇ ಎಂದು ಮನೆಯಲ್ಲೂ ಹೇಳಿಬಿಟ್ಟಿದ್ದರು. ಹೆಂಡತಿ ಆ ದಿನಕ್ಕೆಂದೇ ಹೊಸ ಷರಟು ಹೊಲಿಸಿಟ್ಟಿದ್ದಳು. ಅದೇ ಷರಟು ತೊಟ್ಟು ಅವರು ಯಜಮಾನರ ಅಳಿಯನ ಕೈಗೆ ಹೂಗುಚ್ಛ ಕೊಟ್ಟರು.

“ನಮ್ಮ ಅಳಿಯಂದಿರಿಗೆ ಸ್ವಲ್ಪ ಕೆಲಸ ಕಲಿಸಿಕೊಡಿ ಮೇಷ್ಟ್ರೇ,” ಎಂದರು ಯಜಮಾನರು. “ನಿಮ್ಮ ಕೈಗೆ ಬಿದ್ದ ಮೇಲೆ ನನಗೆ ಚಿಂತೆ ಇಲ್ಲ.”

“ಧಾರಾಳವಾಗಿ ಕಲಿಸೋಣ ಸಾರ್,” ಎಂದು ಮೇಷ್ಟ್ರು ಹಲ್ಲು ಕಿರಿದರು. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಅಳಿಯ ಬಂದವನೇ ಮಾವನ ಮುಂದೆ ಏನಾದರೂ ಮಾಡಿ ತೋರಿಸಬೇಕಲ್ಲ, ಹೊಸ ಸಾಫ್ಟ್‌ವೇರ್ ತರಿಸಿದ. ಮಾರಾಟ, ದಾಸ್ತಾನು, ವಾಪಸು ಬಂದ ಮಾಲು ಎಲ್ಲವೂ ಇನ್ನು ಮುಂದೆ ಅದರಲ್ಲೇ. ಮೊದಲು ಈ ಅಂಗಡಿಯಲ್ಲಿ ನೋಡುವುದು, ಸರಿಹೋದರೆ ಉಳಿದ ಶಾಖೆಗಳಿಗೆ ಕೊಡುವುದು ಎಂದು ತೀರ್ಮಾನವಾಯಿತು. ಸಾಫ್ಟ್‌ವೇರ್ ಕಂಪನಿಯವನು ಇಡೀ ದಿನ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿ ಹೋದ. ಸಂಜೆಯ ಹೊತ್ತಿಗೆ ಎಲ್ಲರಿಗೂ ತಲೆನೋವು ಬಂದಿತ್ತೇ ಹೊರತು ಕೆಲಸ ಬಂದಿರಲಿಲ್ಲ. ಅವನು ಬಿಟ್ಟುಹೋದ ದಪ್ಪ ಪುಸ್ತಕ ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಆನಿಸಿಡಲು ಬಹಳ ಅನುಕೂಲವಾಯಿತು.

“ನಮ್ಮವರಿಗೆ ಅರ್ಥವಾಗೋ ಹಾಗೆ ನೀವೇ ಪಾಠ ಬರೀರಿ ಮೇಷ್ಟ್ರೇ,” ಎಂದು ಅಳಿಯ ಅಂಗಲಾಚಿದ.

ಮೇಷ್ಟ್ರು ಬಾಗಿಲ ಬುಡದಿಂದ ಪುಸ್ತಕ ತೆಗೆದು ಓದಿದರು. ಅಂಗಡಿಯಲ್ಲಿ ಅದನ್ನು ಓದಿದವರು ಅವರೊಬ್ಬರೇ. ವಾಪಸು ಮಾಲಿನ ಅಧ್ಯಾಯಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

ಪ್ಲಂಬರುಗಳು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ನಲ್ಲಿ ಒಯ್ಯುತ್ತಾರೆ, ಉಳಿದದ್ದನ್ನು ತಂದು ಹಿಂದಿರುಗಿಸುತ್ತಾರೆ. ಆಗ ಕೌಂಟರಿನವರು ಎರಡರಲ್ಲಿ ಒಂದು ಗುಂಡಿ ಒತ್ತಬೇಕು. ‘ದಾಸ್ತಾನು’ ಒತ್ತಿದರೆ ನಲ್ಲಿ ಮತ್ತೆ ಮಾರಾಟಕ್ಕೆ. ‘ಹಾಳು’ ಒತ್ತಿದರೆ ಉಗ್ರಾಣದ ಹಿಂದಿನ ಕಪಾಟಿಗೆ. ಆಮೇಲೆ ಆ ನಲ್ಲಿಯ ಗೊಡವೆ ಯಾರಿಗೂ ಇಲ್ಲ. ವರ್ಷದ ಕೊನೆಗೆ ಗುಜರಿ ಲಾರಿ ಬಂದು ಕಪಾಟು ಖಾಲಿ ಮಾಡುತ್ತದೆ. ಕಪಾಟಿನ ಬೀಗದ ಕೈ ಮೇಷ್ಟ್ರ ಸೊಂಟದಲ್ಲಿತ್ತು.

ಪಾಠದಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಸಾಕಾಗಿತ್ತು: ಪೆಟ್ಟಿಗೆಯ ಸೀಲು ಒಡೆದಿದ್ದರೆ ‘ಹಾಳು’ ಒತ್ತಿ. ಸೀಲು ಒಡೆಯದೆ ನಲ್ಲಿ ವಾಪಸು ತರುವ ಪ್ಲಂಬರ್ ಇನ್ನೂ ಹುಟ್ಟಬೇಕಿತ್ತು. ಹೊಸ ನಲ್ಲಿಗಳೆಲ್ಲ ತಾವಾಗಿಯೇ ಮೇಷ್ಟ್ರ ಕಪಾಟಿಗೆ ನಡೆದು ಬರುತ್ತವೆ. ಅವರ ಭಾಮೈದನಿಗೆ ನಲ್ಲಿ ರಿಪೇರಿಯ ಅಂಗಡಿ. ಜನರ ಮನೆಗಳಿಂದ ಕಿತ್ತು ತಂದ ಹಳೆಯ ನಲ್ಲಿಗಳು ಹಿತ್ತಲಲ್ಲಿ ಮೂಟೆಗಟ್ಟಲೆ ಬಿದ್ದಿದ್ದವು. ಹೊಸದು ಅಲ್ಲಿಗೆ, ಹಳೆಯದು ಇಲ್ಲಿಗೆ. ಗುಜರಿಯವನು ಹಿತ್ತಾಳೆ ನೋಡುತ್ತಾನೆಯೇ ಹೊರತು ಅದರ ಕುಲಗೋತ್ರ ಕೇಳುವುದಿಲ್ಲ.

ಅಕಸ್ಮಾತ್ ಯಾರಾದರೂ ಕಂಡುಹಿಡಿದರೆ? ಅದಕ್ಕೂ ಉತ್ತರ ಸಿದ್ಧವಿತ್ತು. ಪಾಠದಲ್ಲಿ ಕಣ್ತಪ್ಪಾಗಿದೆ, ಕ್ಷಮಿಸಿ ಎಂದು ಕೈಮುಗಿದರಾಯಿತು. ಗುಂಡಿ ಒತ್ತುವವರು ಹತ್ತಾರು ಜನ, ಅವರಲ್ಲಿ ಮೇಷ್ಟ್ರಿಲ್ಲ. ಪಾಠ ತಪ್ಪು ಬರೆದದ್ದಕ್ಕೆ ಯಾರನ್ನು ತಾನೇ ಜೈಲಿಗೆ ಹಾಕುತ್ತಾರೆ?

ಕಷ್ಟವೆಂದರೆ, ಜನ ಪಾಠವನ್ನು ನಿಜವಾಗಿ ಕಲಿಯಬೇಕಿತ್ತು. ಅರೆಬರೆ ಕಲಿತರೆ ತಮ್ಮ ಬುದ್ಧಿ ಉಪಯೋಗಿಸಿಬಿಡುವ ಅಪಾಯ. ಹಾಗಾಗಿ ಮೇಷ್ಟ್ರು ಟೊಂಕ ಕಟ್ಟಿ ನಿಂತರು. ಒಂದು ಪಾಠಕ್ಕೆ ಒಂದೇ ಕೆಲಸ, ಒಂದೇ ಹಾಳೆ. ಮಾತು ಕಡಿಮೆ, ಪರದೆಯ ಚಿತ್ರ ದೊಡ್ಡದು, ಒತ್ತಬೇಕಾದ ಗುಂಡಿಯ ಸುತ್ತ ಕೆಂಪು ಗೀಟು. ಓದಿದ ಮೇಲೆ ನಿಜವಾದ ನಲ್ಲಿ ಕೈಗೆ ಕೊಟ್ಟು ಅಭ್ಯಾಸ. ಮೌಸ್ ಮುಟ್ಟಲು ಹೆದರುತ್ತಿದ್ದ ಕೌಂಟರಿನ ಅಕ್ಕನ ಪಕ್ಕ ಕೂತು ಮಗುವಿಗೆ ಕೈಹಿಡಿದು ಅಕ್ಷರ ತಿದ್ದಿಸುವಷ್ಟು ತಾಳ್ಮೆಯಿಂದ ಕಲಿಸಿದರು.

ಅಕ್ಕ ಮೊದಲ ಸಲವೇ ‘ದಾಸ್ತಾನು’ ಒತ್ತಿದಳು.

“ತಪ್ಪು,” ಎಂದರು ಮೇಷ್ಟ್ರು.

“ಅಲ್ಲ ಮೇಷ್ಟ್ರೇ, ನಲ್ಲಿ ಥಳಥಳ ಅಂತಿದೆಯಲ್ಲ?”

“ಹೊರಗೆ ಥಳಥಳ. ಒಳಗೆ ಏನಾಗಿದೆಯೋ ನೀನು ಕಂಡಿದ್ದೀಯಾ? ಸೀಲು ನೋಡಮ್ಮ, ಸೀಲು.”

“ಅದೂ ನಿಜ ಅನ್ನಿ,” ಎಂದು ಅಕ್ಕ ತಲೆದೂಗಿ ‘ಹಾಳು’ ಒತ್ತಿದಳು. ಆಮೇಲೆ ಅವಳೇ ಉಳಿದವರಿಗೆ ಹೇಳಿಕೊಡತೊಡಗಿದಳು.

ಸುಳ್ಳು ಹೇಳಬಾರದು, ಮೇಷ್ಟ್ರಿಗೆ ಕದಿಯುವುದಕ್ಕಿಂತ ಕಲಿಸುವುದರಲ್ಲೇ ಹೆಚ್ಚು ಖುಷಿಯಾಯಿತು. ಕೌಂಟರಿನಲ್ಲಿ ಯಾರೂ ತಡವರಿಸದೆ ಪಟಪಟನೆ ಕೆಲಸ ಮಾಡುವುದನ್ನು ಕಂಡಾಗ ಎದೆ ಉಬ್ಬುತ್ತಿತ್ತು. ಅತ್ತ ಭಾಮೈದ ಹೊಸ ಸ್ಕೂಟರ್ ಕೊಂಡ. “ಭಾವ, ನಿಮ್ಮ ತಲೆಯೇ ತಲೆ,” ಎಂದು ಕಂಡಾಗಲೆಲ್ಲ ಹೇಳುತ್ತಿದ್ದ.

ಅಳಿಯನೂ ಹಿರಿಹಿರಿ ಹಿಗ್ಗಿದ್ದ. ಮೇಷ್ಟ್ರ ಪಾಠಗಳನ್ನು ಅಚ್ಚು ಹಾಕಿಸಿ, ಮೊದಲ ಪುಟದಲ್ಲಿ ಅವರ ಫೋಟೋ ಹಾಕಿ, ಎಲ್ಲ ಶಾಖೆಗಳಿಗೂ ಕಳುಹಿಸಿದ. ಯಜಮಾನರು ಎಲ್ಲರ ಮುಂದೆ ಶಾಲು ಹೊದಿಸಿ ಫಲಕ ಕೊಟ್ಟರು. ಹೊಸದಾಗಿ ತೆರೆಯುವ ಶಾಖೆಗೆ ಇವರೇ ಮ್ಯಾನೇಜರ್ ಎಂದೂ ಘೋಷಿಸಿದರು. ಹೆಂಡತಿ ಫಲಕವನ್ನು ಟಿ.ವಿ. ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದಳು. “ನಿಮ್ಮ ಒಳ್ಳೆತನಕ್ಕೆ ಕೊನೆಗೂ ಬೆಲೆ ಬಂತು ನೋಡಿ,” ಎಂದಳು. ಮೇಷ್ಟ್ರು ಯೋಚನೆಗೆ ಬಿದ್ದರು. ಬೇಕಾಗಿದ್ದ ಕುರ್ಚಿ ಸಿಕ್ಕಿತ್ತು, ಇನ್ನು ಈ ಕೊಳಕು ಕೆಲಸ ಯಾಕೆ? ಗುಜರಿ ಲಾರಿ ಒಮ್ಮೆ ಬಂದು ಹೋದರೆ ಮುಗಿಯಿತು, ಆಮೇಲೆ ಸತ್ಯವಂತನಾಗಿಯೇ ಬಾಳುವುದು ಎಂದು ನಿರ್ಧರಿಸಿದರು. ಆ ನಿರ್ಧಾರದಿಂದ ಅವರಿಗೆ ತಮ್ಮ ಮೇಲೆ ಇನ್ನಷ್ಟು ಗೌರವ ಬಂತು.

ಲಾರಿಗಿಂತ ಮೊದಲು ಲೆಕ್ಕ ತಪಾಸಣೆಯವಳು ಬಂದಳು. ಜೊತೆಯಲ್ಲಿ ಅಳಿಯನಿದ್ದ. ಇಷ್ಟೊಂದು ನಲ್ಲಿಗಳು ಹಾಳಾಗುವುದುಂಟೇ ಎಂದು ಅವಳಿಗೆ ಅನುಮಾನ ಬಂದು, ಹುಡುಕುತ್ತಾ ಹುಡುಕುತ್ತಾ ಸೀಲಿನ ಸಾಲಿಗೆ ಬಂದು ಮುಟ್ಟಿದ್ದಳು. ಮೇಷ್ಟ್ರು ಗಾಬರಿಯಾಗಲಿಲ್ಲ. ಬಹಳ ದಿನದಿಂದ ಕಾಯ್ದಿಟ್ಟ ಮಾತನ್ನು ಹದವಾಗಿ ಹೊರತೆಗೆದರು.

“ಅಯ್ಯೋ, ಎಂಥ ಕಣ್ತಪ್ಪಾಯ್ತಮ್ಮ. ದಯವಿಟ್ಟು ಕ್ಷಮಿಸಬೇಕು.”

“ಛೆ ಛೆ, ಅದಕ್ಕೆ ಯಾಕೆ ಇಷ್ಟು ಬೇಜಾರು ಮಾಡ್ಕೋತೀರಿ?” ಎಂದು ಅವಳು ನಕ್ಕಳು. ಅಳಿಯ ಹೆಗಲ ಮೇಲೆ ಕೈಯಿಟ್ಟು, “ಬರೆಯೋರ ಕೈಯಲ್ಲೇ ತಪ್ಪಾಗೋದು ಮೇಷ್ಟ್ರೇ,” ಎಂದ. ಮೇಷ್ಟ್ರಿಗೆ ಮೊದಲ ಸಲ ಅವನ ಮೇಲೆ ನಿಜವಾದ ಪ್ರೀತಿ ಹುಟ್ಟಿತು.

“ನಷ್ಟವೂ ಏನಾಗಿಲ್ಲ,” ಎಂದು ಅವಳು ಮುಂದುವರಿಸಿದಳು. “ನಿಮ್ಮ ಪಾಠ ಎಲ್ಲಾ ಶಾಖೆಯವರೂ ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂದ್ರೆ, ಎಲ್ಲಾ ಕಡೆ ಇದೇ ತಪ್ಪು. ಕಪಾಟು ತೆಗೆದು ನೋಡಿದ್ರೆ ಒಳಗೆಲ್ಲ ಹೊಚ್ಚಹೊಸ ನಲ್ಲಿಗಳೇ. ಎಲ್ಲಾನೂ ಮತ್ತೆ ಮಾರಾಟಕ್ಕೆ ಇಡಿಸಿ ಬಂದೆ. ನಿಮ್ಮದೊಂದೇ ಬಾಕಿ, ಬೀಗದ ಕೈ ಕೊಡಿ.” ಮೇಷ್ಟ್ರ ಕೈ ಸೊಂಟದ ಹತ್ತಿರ ಹೋಗಿ ಅಲ್ಲೇ ನಿಂತಿತು. ಉಳಿದ ಅಷ್ಟೂ ಊರುಗಳಲ್ಲಿ ಅವರ ಪಾಠ ತಪ್ಪಾಗಿತ್ತು. ‘ಹಾಳು’ ಎಂದು ಒತ್ತಿದ ನಲ್ಲಿಗಳು ನಿಜವಾಗಿಯೂ ಕಿಲುಬು ಹಿಡಿದು, ಪಾಚಿ ಕಟ್ಟಿ, ಕತ್ತು ಮುರಿದು ಬಿದ್ದಿದ್ದದ್ದು ಈ ಒಂದು ಕಪಾಟಿನಲ್ಲಿ ಮಾತ್ರ.